ಕ್ಲಿಪ್ಪರ್ಟನ್ ಲಗೂನ್ ಬಗ್ಗೆ ಒಂದು ತಿದ್ದುಪಡಿ
ನಿಮ್ಮ ಲೇಖನದಲ್ಲಿ ಪೂರ್ವ ಪೆಸಿಫಿಕ್ ಸಾಗರದ ಕ್ಲಿಪ್ಪರ್ಟನ್ ದ್ವೀಪದ ಲಗೂನನ್ನು (ದ್ವೀಪದ ನಡುವಿನ, ಹವಳದ ಉಂಗುರ ಸುತ್ತುವರಿದ ಕೊಳ) 'ಹಡಗು ನಿಲ್ಲಲು ಅನುಕೂಲವಾದ ಜಾಗ' ಎಂದಿದ್ದೀರಿ, ಅದು ತಪ್ಪು. 19ನೇ ಶತಮಾನದ ಮಧ್ಯದ ಹೊತ್ತಿಗೇ ಅದರ ಬಾಯಿ ಮುಚ್ಚಿಹೋಗಿದೆ. ಹಡಗು ಹೊರಗೇ ನಿಲ್ಲಬೇಕು. ಸಣ್ಣ ದೋಣಿ ಹವಳದ ದಿಬ್ಬದ ಮೇಲೆ ಒಡೆಯುವ ಅಲೆ ದಾಟಿ ದಡ ಸೇರಬೇಕು. ಅಲೆಯ ಲೆಕ್ಕ ತಪ್ಪಿದರೆ ದೋಣಿ ಮಗುಚುತ್ತದೆ. ಲಗೂನಿನ ಮೇಲ್ಪದರ ಮಳೆನೀರಿನಿಂದ ಬಹುತೇಕ ಸಿಹಿ, ಆದರೆ ಆಳದಲ್ಲಿ ಆಮ್ಲಜನಕವಿಲ್ಲ, ಕೊಳೆತ ಮೊಟ್ಟೆ ನಾತದ ಹೈಡ್ರೋಜನ್ ಸಲ್ಫೈಡ್ ತುಂಬಿದೆ. ಇಡೀ ದ್ವೀಪ ಹವಳದ್ದಲ್ಲ: ಆಗ್ನೇಯ ಅಂಚಿನ 29 ಮೀಟರ್ ಬಂಡೆ ಜ್ವಾಲಾಮುಖಿಯದು.

ದ್ವೀಪದಲ್ಲಿ ಕಾವಲಿಗಿದ್ದ ಮೆಕ್ಸಿಕೋ ಸೈನಿಕರು ಹಸಿವಿನಿಂದ ಸತ್ತರೆಂದು ಬರೆದದ್ದೂ ಪೂರ್ತಿ ಸರಿಯಲ್ಲ. 1914ರಲ್ಲಿ ಸರಕಿನ ಹಡಗು ಬರುವುದು ನಿಂತ ಮೇಲೂ ಮೀನು, ಮೊಟ್ಟೆ, ಹಕ್ಕಿ ಸಿಗುತ್ತಿತ್ತು. ತೆಂಗು ಕೆಲವೇ ಮರ. ಆದರೆ ವಿಟಮಿನ್ ಸಿ ಸಾಲದೆ ಸ್ಕರ್ವಿ ಎಂಬ ರೋಗ ಬಂದು ಬಹಳ ಜನ ಸತ್ತರು. 1917ರ ಜುಲೈ 18ರಂದು ಅಮೆರಿಕದ ಹಡಗು ಯಾರ್ಕ್‌ಟೌನ್ ಬಂದಾಗ ಉಳಿದಿದ್ದವರು ಹೆಂಗಸರು, ಮಕ್ಕಳು ಮಾತ್ರ.