ಹಸುವಿನ ಮೊಲೆತೊಟ್ಟಿಗೆ ಕಡ್ಡಿ ತೂರಿಸಬೇಡಿ: ಒಂದು ಸ್ಪಷ್ಟನೆ

'ತೊಟ್ಟಿಗೆ ಗಾಯವಾಗಿ ಹಾಲು ಕಟ್ಟಿಕೊಂಡರೆ ಎಣ್ಣೆ ಹಚ್ಚಿದ ಕಡ್ಡಿ ತೂರಿಸಿ, ದಾರಿ ಬಿಡಿಸಿಕೊಳ್ಳುತ್ತೆ' ಎಂಬ ಮೆಸೇಜ್ ಓಡಾಡ್ತಿದೆ. ಇದು ತಪ್ಪು. ದಯವಿಟ್ಟು ಯಾರಿಗೂ ಕಳಿಸಬೇಡಿ.

ತೊಟ್ಟಿನ ತುದಿಯಲ್ಲಿ ಹಾಲು ಬರುವ ದಾರಿ ಸುಮಾರು 1 ಸೆಂಟಿಮೀಟರ್ ಉದ್ದ, ಅಷ್ಟೇ. ಅದರ ಒಳಗೋಡೆಗೆ ಮೇಣದಂಥ ಕೆರಾಟಿನ್ ಪದರ ಇರುತ್ತೆ. ಕೆಚ್ಚಲಿನೊಳಗೆ ರೋಗಾಣು ಹೋಗದಂತೆ ತಡೆಯುವುದು ಇದೇ. ಕಡ್ಡಿ ಆ ಪದರವನ್ನು ಕೆರೆದು ಹಾಕುತ್ತೆ, ಕೊಳೆಯನ್ನೂ ನೇರ ಒಳಗೆ ತಳ್ಳುತ್ತೆ. ಆಮೇಲೆ ಬರುವುದು ಕೆಚ್ಚಲು ಬಾವು. ಒಳಗಿನ ಗಾಯ ಮಾಯುವಾಗ ದಾರಿ ಇನ್ನಷ್ಟು ಕಿರಿದಾಗಲೂಬಹುದು.

ಹಾಗಾದ್ರೆ ಏನು ಮಾಡಬೇಕು? ಕೈ ತೊಳೆದು, ತೊಟ್ಟನ್ನು ಹೆಬ್ಬೆರಳು, ತೋರುಬೆರಳ ನಡುವೆ ಮೆಲ್ಲಗೆ ಹೊರಳಿಸಿ ನೋಡಿ. ಬಟಾಣಿ ಕಾಳಿನಂಥ ಗಂಟು ಸಿಕ್ಕರೆ, ತುದಿ ಊದಿ ಬಿಸಿಯಾಗಿದ್ದರೆ ಪಶುವೈದ್ಯರಿಗೆ ಹೇಳಿ. ಸೀಳಿದ ಗಾಯದಿಂದಲೇ ಹಾಲು ಜಿನುಗುತ್ತಿದ್ದರೆ ಸೀಳು ತೊಟ್ಟಿನೊಳಗೆ ಹಾಲು ನಿಲ್ಲುವ ಜಾಗದವರೆಗೂ ಹೋಗಿದೆ ಎಂದರ್ಥ. ಆಗ ನಾಳೆ ನೋಡೋಣ ಅನ್ನಬೇಡಿ. ಹೊಲಿಗೆ ಹಾಕಬೇಕಾಗುತ್ತೆ, ಅದು ಗಾಯ ಹಸಿಯಾಗಿದ್ದಾಗಲೇ, ಕೆಲವೇ ಗಂಟೆಗಳಲ್ಲಿ ಆದರೆ ಚೆನ್ನಾಗಿ ಕೂಡುತ್ತೆ. ವೈದ್ಯರು ಬರುವವರೆಗೆ ಶುದ್ಧ ನೀರಿನಿಂದ ತೊಳೆದು, ಸ್ವಚ್ಛ ಬಟ್ಟೆ ಮುಚ್ಚಿ. ಜೋತುಬಿದ್ದ ಚರ್ಮವನ್ನು ನೀವೇ ಕತ್ತರಿಸಬೇಡಿ, ಹೊಲಿಗೆಗೆ ಅದೇ ಬೇಕು.

ವೈದ್ಯರೂ ಸಣ್ಣ ನಳಿಕೆ ಹಾಕ್ತಾರಲ್ವಾ ಅಂತ ಕೇಳಬಹುದು. ಹಾಕ್ತಾರೆ. ಆದರೆ ಅದು ನಯವಾದ, ಕ್ರಿಮಿಶುದ್ಧ ನಳಿಕೆ. ತೊಟ್ಟಿನ ತುದಿಯನ್ನು ಸ್ಪಿರಿಟ್‌ನಿಂದ ಒರೆಸಿಯೇ ಹಾಕುತ್ತಾರೆ.

ಕಡ್ಡಿ ತೂರಿಸುವ ಆ ಮೆಸೇಜ್ ಈಗಾಗಲೇ ಕಳಿಸಿದ್ದರೆ, ಅದೇ ಗುಂಪಿಗೆ ಇದನ್ನೂ ಕಳಿಸಿ.