ಡ್ರಾ ಕೇಳುವುದಕ್ಕೂ ಒಂದು ಹೊತ್ತಿದೆ

ಅಡಿಕೆಗೆ ಕೊಳೆರೋಗ ತಗಲುವ ಈ ಕಾಲದಲ್ಲಿ, ತೋಟಕ್ಕೆ ಎರಡನೆಯ ಸಲದ ಬೋರ್ಡೋ ದ್ರಾವಣ ಹೊಡೆಸುವ ಕೆಲಸವನ್ನು ಮಗನಿಗೆ ಒಪ್ಪಿಸಿ, ತೀರ್ಥಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು, ಮಂಡಗದ್ದೆಯನ್ನು ಸುರಿಮಳೆಯಲ್ಲೇ ದಾಟಿ ನಾನು ಶಿವಮೊಗ್ಗಕ್ಕೆ ಬಂದದ್ದು 65 ದಾಟಿದವರ ಚೆಸ್ ಆಡುವುದಕ್ಕೆ, ಎದುರು ಕುಳಿತವರ ಪಟ್ಟಾಂಗ ಕೇಳುವುದಕ್ಕಲ್ಲ.

ಕೊನೆಯ ಸುತ್ತಿನಲ್ಲಿ ನಾಲ್ಕು ಗಂಟೆ ಹೆಣಗಿದ ಮೇಲೆ ಇಬ್ಬರಿಗೂ ಒಂದೊಂದು ಆನೆ, ನನಗೆ ಮಾತ್ರ ಹೆಚ್ಚಿಗೆ ಒಂದು ಕಾಲಾಳು ಉಳಿದಿತ್ತು. ಕಾಲಾಳು ಏಳನೆಯ ಅಡ್ಡಸಾಲಿಗೆ ಬಂದಿತ್ತು, ಅದರ ಮುಂದಿನ ಮನೆಯಲ್ಲಿ ನನ್ನ ರಾಜನಿದ್ದ, ಎದುರಾಳಿಯ ರಾಜ ಹತ್ತಿರ ಬಾರದಂತೆ ನನ್ನ ಆನೆ ತಡೆದು ನಿಂತಿತ್ತು. ಚೆಸ್ ಕಲಿತವರು ಇದನ್ನು ಲುಸೆನಾ ಸ್ಥಿತಿ ಎನ್ನುತ್ತಾರೆ. ಆನೆಯನ್ನು ನಾಲ್ಕನೆಯ ಅಡ್ಡಸಾಲಿಗೆ ತಂದಿಟ್ಟು, ರಾಜ ಹೊರಬಂದಾಗ ಬೀಳುವ ಚೆಕ್ಕುಗಳಿಗೆ ಕೊನೆಯಲ್ಲಿ ಅದನ್ನೇ ಅಡ್ಡ ಹಿಡಿದರೆ ಗೆಲುವು ಖಚಿತ.

ಆದರೆ ನನ್ನ ಗಡಿಯಾರ ಓಡುತ್ತಿರುವಾಗಲೇ ಆ ಮಹನೀಯರು, "ಡ್ರಾ ಮಾಡ್ಕಳಣ ಮಾರಾಯ್ರೆ, ಇನ್ನೆಂತ ಇದೆ ಇದ್ರಲ್ಲಿ?" ಎಂದು ಒಂದಲ್ಲ ಎರಡಲ್ಲ, ಐದು ಸಲ ಕೇಳಿದರು. ಡ್ರಾ ಕೇಳುವವರು ತಮ್ಮ ನಡೆ ಆಡಿದ ಮೇಲೆ, ಗಡಿಯಾರ ಒತ್ತುವ ಮೊದಲು ಕೇಳಬೇಕು. ವಿನಾಕಾರಣ ಮತ್ತೆ ಮತ್ತೆ ಕೇಳಿ ಕಾಡುವುದು ಅಂತರರಾಷ್ಟ್ರೀಯ ಚೆಸ್ ಸಂಸ್ಥೆಯಾದ ಫಿಡೆಯ ನಿಯಮ 11.5ರ ಪ್ರಕಾರ ತಪ್ಪು. ಗಡಿಯಾರ ನಿಲ್ಲಿಸಿ ಆರ್ಬಿಟರ್ ಅವರಿಗೆ, ಅಂದರೆ ಪಂದ್ಯದ ತೀರ್ಪುಗಾರರಿಗೆ, ದೂರಿದೆ. ಎಚ್ಚರಿಕೆ ಕೊಡಬಹುದಿತ್ತು, ನನ್ನ ಸಮಯಕ್ಕೆ ಎರಡು ನಿಮಿಷ ಸೇರಿಸಬಹುದಿತ್ತು. ಮೊಮ್ಮಗನ ವಯಸ್ಸಿನ ಆ ಹುಡುಗ ನಕ್ಕು, "ಇಬ್ರೂ ಹಿರಿಯರು, ಹೊಂದ್ಕೊಂಡು ಹೋಗಿ ಸಾರ್" ಎಂದು ಪಕ್ಕದ ಮೇಜಿಗೆ ನಡೆದುಬಿಟ್ಟ.

ಪ್ರತಿ ನಡೆಗೆ ಸೇರುವ 30 ಸೆಕೆಂಡುಗಳಲ್ಲೇ ಬದುಕಿದ್ದ ನಾನು, ತಲೆ ಬಿಸಿಯಾಗಿ, ಆನೆಯನ್ನು ಮೇಲೆ ತರುವುದು ಬಿಟ್ಟು ರಾಜನನ್ನೇ ಹೊರಗೆ ಒಳಗೆ ಓಡಾಡಿಸಿದೆ. ತಪ್ಪು ನನ್ನದೇ, ಒಪ್ಪುತ್ತೇನೆ. ಅದೇ ಸ್ಥಿತಿ ಮೂರು ಸಲ ಬಂದರೆ ಡ್ರಾ ಕೇಳಬಹುದು; ಅದು ಮೂರನೆಯ ಬಾರಿ ಬರುವುದಿದ್ದಾಗ ಅವರು ನಡೆಯನ್ನು ಬೋರ್ಡಿನ ಮೇಲೆ ಆಡದೆ ಸ್ಕೋರ್‌ಶೀಟಿನಲ್ಲಿ ಬರೆದು, ಗಡಿಯಾರ ನಿಲ್ಲಿಸಿ, ಆರ್ಬಿಟರ್ ಅವರನ್ನು ಕರೆದು ಡ್ರಾ ಕೇಳಿದರು. ಚಾಚೂ ತಪ್ಪದೆ, ನಿಯಮದಲ್ಲಿ ಹೇಗಿದೆಯೋ ಹಾಗೆ! ಇದು ಗೊತ್ತಿದ್ದವರಿಗೆ ಡ್ರಾ ಯಾವಾಗ ಕೇಳಬೇಕೆಂಬುದೊಂದು ಗೊತ್ತಿರಲಿಲ್ಲವೆಂದು ನಾನು ನಂಬಬೇಕೇ? ನನ್ನ ದೂರಿಗೆ ನಕ್ಕು ಹೋಗಿದ್ದ ಹುಡುಗನೂ ಈಗ ಕುರ್ಚಿ ಎಳೆದು ಕುಳಿತು, ನಡೆಗಳನ್ನು ಒಂದೊಂದಾಗಿ ತಾಳೆ ನೋಡಿ ಅರ್ಧ ಅಂಕ ಬರೆದುಕೊಟ್ಟ.

ಸಹಿ ಹಾಕುವಾಗ ಅವರು ಕೈಕುಲುಕಿ ಹೇಳಿದ್ದು: "ಆಗ್ಲೇ ಒಪ್ಪಿದ್ರೆ ನಿಮಗೆ ಮಧ್ಯಾಹ್ನದ ಬಸ್ಸು ಸಿಗ್ತಿತ್ತು ಮಾರಾಯ್ರೆ."