ಹಸಿರು ವಿದ್ಯುತ್ತಿನ ಒಪ್ಪಂದದಲ್ಲಿ ನಮ್ಮ ಹುಡುಗರ ಕೆಲಸ ಎಲ್ಲಿದೆ?

ನಮ್ಮ ಬಡಾವಣೆಯ ತರಕಾರಿ ಮಾರುಕಟ್ಟೆಯ ಹಿಂದಿರುವ ಪಾಲಿಕೆ ಜಾಗದಲ್ಲಿ, ಖಾಸಗಿ ಕಂಪನಿಯೊಂದರ ಸಹಭಾಗಿತ್ವದಲ್ಲಿ ಕಟ್ಟಿದ ಜೈವಿಕ ಅನಿಲ ಘಟಕಕ್ಕೆ ಈಗ ಬೀಗ ಬಿದ್ದಿದೆ. ಶಂಕುಸ್ಥಾಪನೆಯ ದಿನ ವೇದಿಕೆಯ ಮೇಲಿದ್ದವರು ನಮಗೆ ಮೂರು ಮಾತು ಕೊಟ್ಟಿದ್ದರು. ದಿನಕ್ಕೆ 5 ಟನ್ ಹಸಿ ಕಸ ಇಲ್ಲಿಯೇ ವಿಲೇವಾರಿಯಾಗುತ್ತದೆ, ಅದರಿಂದ ಬರುವ ವಿದ್ಯುತ್ತಿನಲ್ಲಿ ಸುತ್ತಲಿನ ಬೀದಿ ದೀಪಗಳು ಉರಿಯುತ್ತವೆ, ಬಡಾವಣೆಯ ಯುವಕರಿಗೆ ಉದ್ಯೋಗ ಸಿಗುತ್ತದೆ ಎಂದಿದ್ದರು. ಮೂರೂ ನಡೆಯಲಿಲ್ಲ. ನನ್ನ ಸಿಟ್ಟು ಹೆಚ್ಚಾಗಿ ಇರುವುದು ಮೂರನೆಯ ಮಾತಿನ ಮೇಲೆ. ಏಕೆಂದರೆ ಮನೆಗಳಿಗೆ ಇಷ್ಟು ಹತ್ತಿರ ಕಸದ ಘಟಕ ಬೇಡವೆಂದು ಪಟ್ಟು ಹಿಡಿದಿದ್ದ ಕುಟುಂಬಗಳು ತಕರಾರು ಬಿಟ್ಟದ್ದು ಮಕ್ಕಳಿಗೆ ಕೆಲಸವಾದರೂ ಆದೀತು ಎಂಬ ಆಸೆಯಿಂದ.

ಘಟಕ ನಿಂತದ್ದಕ್ಕೆ ಕಾರಣ ಹುಡುಕಲು ದೊಡ್ಡ ತಜ್ಞರು ಬೇಕಿಲ್ಲ, ಗೇಟಿನ ಬಳಿ ಸ್ವಲ್ಪ ಹೊತ್ತು ನಿಂತರೆ ಸಾಕಿತ್ತು. ಆಟೋ ಟಿಪ್ಪರ್‌ಗಳು ಸುರಿಯುತ್ತಿದ್ದ ಹಸಿ ಕಸದಲ್ಲಿ ಹಾಲಿನ ಪ್ಯಾಕೆಟ್, ಬಟ್ಟೆ ಚಿಂದಿ, ಎಳನೀರಿನ ಬುರುಡೆ ಎಲ್ಲವೂ ಇರುತ್ತಿದ್ದವು. ಬುರುಡೆಯ ನಾರು ಕಸ ಪುಡಿಮಾಡುವ ಕ್ರಷರ್‌ನ ಬ್ಲೇಡಿಗೆ ಸುತ್ತಿಕೊಂಡರೆ ಯಂತ್ರ ನಿಲ್ಲುತ್ತಿತ್ತು. ಅದನ್ನು ಬಿಡಿಸುವವರು ಬರುವವರೆಗೆ ಡೈಜೆಸ್ಟರ್‌ಗೆ, ಅಂದರೆ ಕಸ ಕೊಳೆತು ಅನಿಲವಾಗುವ ಮುಚ್ಚಿದ ತೊಟ್ಟಿಗೆ, ಏನೂ ಹೋಗುತ್ತಿರಲಿಲ್ಲ. ಡೈಜೆಸ್ಟರ್‌ನ ಒಳಗೆ ಅನಿಲ ಉತ್ಪಾದಿಸುವುದು ಜೀವಂತ ಸೂಕ್ಷ್ಮಾಣುಗಳು. ಅವುಗಳಿಗೆ ದಿನವೂ ಹದವಾಗಿ ಆಹಾರ ಬೀಳಬೇಕು. ಹದ ಒಮ್ಮೆ ಕೆಟ್ಟರೆ ಮತ್ತೆ ಸರಿಯಾಗಲು ವಾರಗಳೇ ಹಿಡಿಯುತ್ತವೆ. ಮೂಲದಲ್ಲೇ ಕಸ ಬೇರ್ಪಡಿಸಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಸ್ಪಷ್ಟವಾಗಿ ಹೇಳಿದ್ದವು. ಅದನ್ನು ಮಾಡಿಸಬೇಕಾದ ಪಾಲಿಕೆ ಕಂಪನಿಯ ಕಡೆ ಬೆರಳು ತೋರಿಸಿತು, ಕಂಪನಿ ಪಾಲಿಕೆಯ ಕಡೆ ಬೆರಳು ತೋರಿಸಿತು. ನಡುವೆ ಉಳಿದದ್ದು ರಸ್ತೆಗೆ ಹರಿಯುವ ಕಪ್ಪು ನೀರು ಮತ್ತು ಅದನ್ನು ದಾಟಿಕೊಂಡು ಶಾಲೆಗೆ ಹೋಗುವ ಮಕ್ಕಳು.

ಇನ್ನು ಉದ್ಯೋಗದ ವಿಷಯ. ಯಂತ್ರ ನಡೆಸುವ ಆಪರೇಟರ್‌ಗಳನ್ನು ಕಂಪನಿ ಹೊರಗಿನಿಂದ ಕರೆತಂದಿತು. ನಮ್ಮವರಿಗೆ ಸಿಕ್ಕಿದ್ದು ಬೆಲ್ಟಿನ ಪಕ್ಕ ನಿಂತು ಪ್ಲಾಸ್ಟಿಕ್ ಆರಿಸುವ ಕೆಲಸ ಮಾತ್ರ, ಅದೂ ಉಪಗುತ್ತಿಗೆದಾರನ ಕೈಕೆಳಗೆ. ಗ್ಲೌಸ್ ಹರಿದರೆ ಹೊಸದು ಕೊಡುವವರಿರಲಿಲ್ಲ. ಪಿಎಫ್, ಇಎಸ್‌ಐ ಕೇಳಿದ ಹೆಣ್ಣುಮಕ್ಕಳಿಗೆ ನಾಳೆಯಿಂದ ಬರುವುದು ಬೇಡ ಎಂಬ ಉತ್ತರ ಸಿಕ್ಕಿತು. ಇದೇ ಬಡಾವಣೆಯಲ್ಲಿ ಐಟಿಐ, ಡಿಪ್ಲೊಮಾ ಮುಗಿಸಿ ಖಾಲಿ ಕುಳಿತ ಹುಡುಗರಿದ್ದಾರೆ. ಪಂಪು, ಮೋಟಾರು, ಜನರೇಟರ್ ನೋಡಿಕೊಳ್ಳಲು ಅವರಿಗೆ ಕೆಲವು ತಿಂಗಳ ತರಬೇತಿ ಕೊಟ್ಟಿದ್ದರೆ, ಕ್ರಷರ್ ನಿಂತಾಗಲೆಲ್ಲ ಬೇರೆ ಊರಿನಿಂದ ಮೆಕ್ಯಾನಿಕ್ ಬರುವವರೆಗೆ ಕಾಯುವ ಪ್ರಸಂಗವೇ ಬರುತ್ತಿರಲಿಲ್ಲ. ಸ್ಥಳೀಯರಿಗೆ ಕೆಲಸ ಕೊಡುವುದೆಂದರೆ ಉಪಕಾರ ಮಾಡಿದಂತೆ ಎಂದು ಭಾವಿಸುವವರಿಗೆ ಇದು ಅರ್ಥವಾಗುವುದಿಲ್ಲ. ಘಟಕ ಉಳಿಯಬೇಕಾದರೂ ಆ ಕೈಗಳು ಬೇಕಿದ್ದವು.

ಹಾಗಾದರೆ ಒಪ್ಪಂದದಲ್ಲಿ ಏನಿದೆ ಎಂದು ತಿಳಿಯಲು ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದೆ. ಕಲಂ 8(1)(ಡಿ) ಪ್ರಕಾರ ಅದು ವಾಣಿಜ್ಯ ಗೌಪ್ಯತೆಗೆ ಸೇರಿದ ವಿಷಯ ಎಂಬ ಒಂದು ಸಾಲಿನ ಹಿಂಬರಹ ಬಂತು. ವ್ಯಾಪಕ ಸಾರ್ವಜನಿಕ ಹಿತವಿದ್ದರೆ ಅಂಥ ಮಾಹಿತಿಯನ್ನೂ ಕೊಡಬಹುದೆಂದು ಅದೇ ಕಲಂ ಹೇಳುತ್ತದೆ. ಆ ಭಾಗವನ್ನು ಹಿಂಬರಹ ಬರೆದವರು ಓದಲೇ ಇಲ್ಲವೇ? ಜಾಗ ಪಾಲಿಕೆಯದು, ಕಸ ನಮ್ಮ ಮನೆಗಳದು, ಅದನ್ನು ಹೊತ್ತು ತರುವ ಪೌರಕಾರ್ಮಿಕರ ಸಂಬಳ ನಮ್ಮ ತೆರಿಗೆಯದು. ಹೀಗಿರುವಾಗ ಎಷ್ಟು ಜನರಿಗೆ ಕೆಲಸ ಕೊಡಬೇಕೆಂಬ ಷರತ್ತು ಅದರಲ್ಲಿದೆಯೋ ಇಲ್ಲವೋ ಎಂಬುದು ನಮಗೆ ಗೊತ್ತಾದರೆ ಯಾವ ಕಂಪನಿಯ ವ್ಯಾಪಾರಕ್ಕೆ ಏನು ನಷ್ಟ? ಮೇಲ್ಮನವಿ ಸಲ್ಲಿಸಿದ್ದೇನೆ, ಬಿಡುವುದಿಲ್ಲ.

ಸಹಭಾಗಿತ್ವವೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಇಂದೋರ್ ನಗರದಲ್ಲಿ 2022ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಬಯೋ ಸಿಎನ್‌ಜಿ ಸ್ಥಾವರವೂ ಪಾಲಿಕೆ ಮತ್ತು ಖಾಸಗಿ ಕಂಪನಿಯ ಜಂಟಿ ಯೋಜನೆಯೇ. ದಿನಕ್ಕೆ 550 ಟನ್ ಹಸಿ ಕಸದಿಂದ ಸುಮಾರು 17,000 ಕಿಲೋ ಅನಿಲ ತೆಗೆಯಲೆಂದು ಅದನ್ನು ಕಟ್ಟಿದರು. ಬಂಡವಾಳ ಹೂಡಿದ್ದು ಕಂಪನಿ. ಅನಿಲದಲ್ಲಿ ಕನಿಷ್ಠ ಅರ್ಧವನ್ನು ನಗರದ ಬಸ್ಸುಗಳಿಗೆ ಕೊಳ್ಳುವ ಹೊಣೆ ಹೊತ್ತದ್ದು ಪಾಲಿಕೆ. ಯಾರು ಏನು ಕೊಡಬೇಕು, ಏನು ಕೊಳ್ಳಬೇಕು ಎಂಬುದು ಅಲ್ಲಿ ಮೊದಲೇ ತೀರ್ಮಾನವಾಗಿ ಊರಿಗೆಲ್ಲ ತಿಳಿದಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಮನೆಮನೆಯಲ್ಲಿ ಕಸ ಬೇರ್ಪಡಿಸುವ ಅಭ್ಯಾಸವನ್ನು ಆ ಊರು ಸ್ಥಾವರಕ್ಕಿಂತ ವರ್ಷಗಳ ಮುಂಚೆಯೇ ಮಾಡಿಕೊಂಡಿತ್ತು. ನಮ್ಮಲ್ಲಿ ಮೊದಲು ರಿಬ್ಬನ್ ಕತ್ತರಿಸಿದರು, ಕಸ ಬೇರ್ಪಡಿಸುವ ಮಾತು ಆಮೇಲೂ ಬರಲಿಲ್ಲ.

ಇಷ್ಟೆಲ್ಲ ಆದಮೇಲೆ ಈಗ ಪಾಲಿಕೆಯ ಕಟ್ಟಡಗಳ ಚಾವಣಿಗೆ ಸೌರ ಫಲಕ ಹಾಕಿಸುವ ಕಡತ ಓಡಾಡುತ್ತಿದೆ. ಬಂಡವಾಳ ಕಂಪನಿಯದು, ವಿದ್ಯುತ್ತನ್ನು ನಿಗದಿತ ದರಕ್ಕೆ ಪಾಲಿಕೆ ಕೊಳ್ಳಬೇಕು, ಅವಧಿ 25 ವರ್ಷ. ಇಂದು ಸಹಿ ಹಾಕುವ ಆಯುಕ್ತರು ಆ ಹೊತ್ತಿಗೆ ಎಲ್ಲಿರುತ್ತಾರೋ, ದರ ಕಟ್ಟುವವರು ಮಾತ್ರ ಇಲ್ಲಿಯೇ ಇರುತ್ತೇವೆ. ಫಲಕ ತೊಳೆಯಲು, ವೈರಿಂಗ್ ಪರೀಕ್ಷಿಸಲು, ಇನ್ವರ್ಟರ್ ನೋಡಿಕೊಳ್ಳಲು ಜನ ಬೇಕೇ ಬೇಕು. ಸೌರ ಫಲಕದ ಕೆಲಸ ಕಲಿಸುವ ಸರ್ಕಾರಿ ಸೂರ್ಯಮಿತ್ರ ತರಬೇತಿಯ ಪ್ರಮಾಣಪತ್ರ ಹಿಡಿದುಕೊಂಡು ಕೆಲಸಕ್ಕೆ ಅಲೆಯುತ್ತಿರುವವರು ನಮ್ಮ ಊರಿನಲ್ಲಿಯೇ ಇದ್ದಾರೆ.

ಆದ್ದರಿಂದ ಈ ಕಡತ ಸಾಮಾನ್ಯ ಸಭೆಗೆ ಬರುವ ಮುಂಚೆ ಕರಡು ಒಪ್ಪಂದವನ್ನು ಕನ್ನಡದಲ್ಲಿ ವಾರ್ಡ್ ಕಚೇರಿಯ ಸೂಚನಾ ಫಲಕಕ್ಕೆ ಅಂಟಿಸಬೇಕು. ಸ್ಥಳೀಯರಿಗೆ ಎಷ್ಟು ಕೆಲಸ, ಯಾವ ಕೆಲಸ, ಎಷ್ಟು ಸಂಬಳ ಎಂಬುದು ಅದರಲ್ಲಿ ಇರಬೇಕು. ಕೊಡದಿದ್ದರೆ ಕಂಪನಿಯ ಬಿಲ್ಲಿನಿಂದ ಎಷ್ಟು ಕಡಿತವಾಗುತ್ತದೆ ಎಂಬುದೂ ಇರಬೇಕು. ಅದಿಲ್ಲದೆ ಸಭೆಯಲ್ಲಿ ಒಪ್ಪಿಗೆಗೆ ಕೈ ಎತ್ತುವ ನಮ್ಮ ವಾರ್ಡಿನ ಸದಸ್ಯರು, ಬೀಗ ಬಿದ್ದ ಘಟಕದ ಗೇಟಿನ ಮುಂದೆ ನಿಂತು, ಕೆಲಸದ ಆಸೆಗೆ ತಕರಾರು ಬಿಟ್ಟ ಆ ಮನೆಯವರಿಗೆ ಮೊದಲು ಉತ್ತರ ಕೊಡಲಿ.